ಅಜ್ಜಿ ಕೊಟ್ಟ ಹೇಳಿಕೆ

ನಾನು ಮಧುಗಿರಿಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್. ಯಾರ್ಯಾರದೋ ಜಮೀನಿನ ತಕರಾರು ಟೈಪ್ ಮಾಡಿ ಬೆರಳು ಸವೆದಿವೆ. ಆದರೆ ಕೊರಟಗೆರೆ ಕಡೆ ಬೆಟ್ಟದ ಬುಡದಲ್ಲಿರುವ ನಮ್ಮದೇ ಎರಡೆಕರೆ ಹೊಲವನ್ನು ತೆರವು ಮಾಡಿ ಎಂದು ಅರಣ್ಯದವರ ನೋಟಿಸ್ ಬಂದಾಗ, ನಾಲ್ಕು ಸಲ ಓದಿದರೂ ತಲೆಗೆ ಹೋಗಲಿಲ್ಲ. ಅಪ್ಪ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದರು.

ವಕೀಲರು ಮಾತ್ರ ನಕ್ಕರು. "ಅಷ್ಟು ಸುಲಭಕ್ಕೆ ಎಬ್ಬಿಸಕ್ಕಾಗಲ್ಲ ಕಣಮ್ಮ. ಅರಣ್ಯ ಹಕ್ಕು ಕಾಯ್ದೆ ಇದೆ. ಗ್ರಾಮಸಭೆಗೆ ಅರ್ಜಿ ಹಾಕಿ. ಅದು ಇತ್ಯರ್ಥ ಆಗೋವರೆಗೂ ನಿಮ್ಮನ್ನ ಯಾರೂ ಮುಟ್ಟಂಗಿಲ್ಲ." ಒಂದು ಷರತ್ತಿತ್ತು. ನಾವು ಬುಡಕಟ್ಟಿನವರಲ್ಲ, ಹಾಗಾಗಿ ಮೂರು ತಲೆಮಾರಿನಿಂದ ಅಲ್ಲೇ ಬದುಕಿದ್ದೇವೆ ಎಂದು ತೋರಿಸಬೇಕು. ಹಳೇ ಗೋಡೆ, ಬಾವಿ, ಸಮಾಧಿ ಇದ್ದರೂ ನಡೆಯುತ್ತದೆ. ಹಿರಿಯರ ಹೇಳಿಕೆಯೂ ಸಾಕ್ಷಿಯೇ.

ಹುಡುಕಲು ಹೊರಟರೆ ನಮ್ಮಲ್ಲಿ ಏನೂ ಇಲ್ಲ. ಒಂದು ಗುರುತೂ ಉಳಿಯಲು ಅಜ್ಜಿ ಬಿಟ್ಟಿಲ್ಲ. ಅರಣ್ಯದ ಗಾರ್ಡ್ ಬರುತ್ತಾನೆಂದರೆ ಒಲೆಯ ಕಲ್ಲು ಕಿತ್ತು, ಬೂದಿ ಎರಚಿ, ಮೇಲೆ ತಂಗಡಿ ಸೊಪ್ಪು ಹರಡುತ್ತಿದ್ದಳು. ಗುಡಿಸಲಿಗೆ ಗೋಡೆ ಏಳಲಿಲ್ಲ, ಬಾವಿಗೆ ಕಟ್ಟೆ ಕಟ್ಟಲಿಲ್ಲ. ತಾತನನ್ನು ಹೊಲದ ಮೂಲೆಯಲ್ಲಿ ಮಣ್ಣು ಮಾಡಿದಾಗ ಒಂದು ಕಲ್ಲನ್ನೂ ನೆಡಿಸದೆ, ಮೇಲೆ ಹುರುಳಿ ಚೆಲ್ಲಿಸಿದಳು. ಗುರುತು ಕಂಡರೆ ಕೇಸು ಹಾಕುತ್ತಾರೆ ಎಂಬುದು ಅವಳ ಕಾಲದ ಕಾನೂನು, ಅದು ಸುಳ್ಳೂ ಆಗಿರಲಿಲ್ಲ. ಈಗಿನ ಕಾನೂನು ಗುರುತು ತೋರಿಸು ಎನ್ನುತ್ತದೆ. ಅತ್ತ ದರಿ, ಇತ್ತ ಪುಲಿ. ಸಿಟ್ಟನ್ನು ಯಾರ ಮೇಲೆ ತೋರಿಸಬೇಕೋ ತಿಳಿಯದೆ ಕೀಬೋರ್ಡಿನ ಮೇಲೆ ತೀರಿಸಿಕೊಂಡೆ.

ಉಳಿದದ್ದು ಅಜ್ಜಿಯ ಬಾಯಿ. ಇಡೀ ಬೀದಿಗೆ ಕೇಳುವಂಥ ಬಾಯಿ ಅದು. ಅರ್ಜಿ ಹಾಕಿದ ಮೇಲೆ, ಸ್ಥಳ ತನಿಖೆಯ ಹಿಂದಿನ ಸಂಜೆ ಕೂರಿಸಿಕೊಂಡು ಹೇಳಿಕೊಟ್ಟೆ. "ನಾನ್ ಮದ್ವೆ ಆಗ್ ಬಂದಾಗ್ಲೇ ನಮ್ಮತ್ತೆ ಇಲ್ಲಿ ರಾಗಿ ಬೆಳೀತಿದ್ರು, ಅವ್ರತ್ತೇನೂ ಇಲ್ಲೇ ಇದ್ರು ಅಂತ ಹೇಳ್ಬೇಕು ಅಜ್ಜಿ."

"ನಂಗೇ ಹೇಳ್ಕೊಡ್ತೀಯೇನೇ? ನಿಮ್ಮಪ್ಪನ್ನ ಹೆತ್ತಿದ್ದೇ ಆ ಬೇಲಿ ಪಕ್ಕ ಕಣೇ," ಎಂದು ಗದರಿದಳು. ಎಷ್ಟೋ ದಿನದ ಮೇಲೆ ನನಗೆ ಧೈರ್ಯ ಬಂತು.

ಬೆಳಗ್ಗೆ ಹೊಲಕ್ಕೆ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯವರು, ಪಂಚಾಯಿತಿ ಕಾರ್ಯದರ್ಶಿ, ಜೊತೆಗೆ ಖಾಕಿ ತೊಟ್ಟ ಅರಣ್ಯಾಧಿಕಾರಿ ಬಂದರು. ಅಧಿಕಾರಿ ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ಕೈ ಮುಗಿದೇ ಕೇಳಿದರು. "ಅಜ್ಜಿ, ಎಷ್ಟು ವರ್ಷದಿಂದ ಇಲ್ಲಿ ಉಳ್ತಾ ಇದ್ದೀರಾ?"

ಅಜ್ಜಿ ಖಾಕಿಯನ್ನು ನೋಡಿದಳು. ತಲೆ ಮೇಲೆ ಸೆರಗು ಎಳೆದುಕೊಂಡು, ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ, "ಇಲ್ಲ ಬುದ್ದಿ, ನಮ್ದಲ್ಲ ಇದು. ಮೊನ್ನೆ ಬಂದ್ವು. ಸೌದೆ ಆಯ್ಕಂಡ್ ಹೋಗ್ಬುಡ್ತೀವಿ," ಎಂದಳು.

ಕಾರ್ಯದರ್ಶಿಯ ಪೆನ್ನು ನಿಂತಿತು. ಅಧಿಕಾರಿ ಇನ್ನೊಮ್ಮೆ ಕೇಳಿದರು. ಅವಳು ಅದನ್ನೇ ಹೇಳಿ ಅವರ ಕಾಲಿಗೆ ಬಗ್ಗಿದಳು. ನಾನು ನಡುವೆ ಬಾಯಿ ಹಾಕಿದ್ದಕ್ಕೆ, "ನೀವು ಹೇಳ್ಕೊಡಬಾರ್ದಮ್ಮ," ಎಂದರು. ಅವರು ಹೇಳಿದ್ದು ಸರಿಯೇ. ಹೇಳಿಕೆ ಬರೆದು ಓದಿ ಹೇಳಿದರು. ಅಜ್ಜಿ ಹೂಂಗುಟ್ಟಿ ಹೆಬ್ಬೆಟ್ಟು ಒತ್ತಿದಳು.

ಮೇಲ್ಮನವಿ ಇದೆ, ಮತ್ತೆ ಹೇಳಿಕೆ ಕೊಡಿಸಬಹುದು ಎಂದು ವಕೀಲರು ಫೋನಿನಲ್ಲಿ ಸಮಾಧಾನ ಮಾಡಿದರು. ಅಲ್ಲಿಯವರೆಗೆ ನಮ್ಮನ್ನು ಎಬ್ಬಿಸುವಂತಿಲ್ಲ, ಅದೂ ನಿಜ. ಆದರೆ ಮುಂದಿನ ವಿಚಾರಣೆಗೂ ಖಾಕಿ ಬಂದೇ ಬರುತ್ತದೆ, ಉತ್ತರ ಹೇಳಬೇಕಾದವಳೂ ಅವಳೇ.

ಜೀಪು ಹೋದ ಮೇಲೆ ಅಜ್ಜಿ ಸೆರಗು ಇಳಿಸಿ ತನ್ನ ಎಂದಿನ ಗಂಟಲಿಗೆ ಬಂದಳು. ಮುಖದಲ್ಲಿ ಗೆದ್ದ ಕಳೆ.

"ಓದ್ದೋರೆಲ್ಲ ಬಾಯ್ ಬುಟ್ಕಂಡ್ ನಿಂತಿದ್ರಿ. ನೋಡ್ದೇನೇ, ಹೊಲಾನ ಹೆಂಗ್ ಉಳಿಸ್ಕಂಡೆ?"