ರಿಕ್ಷಾದವ ಆರಿಸಿದ ಆಸ್ಪತ್ರೆ

ನನ್ನ ಅಕ್ಕನ ಎಡಗಾಲಿನ ಎರಡು ಬೆರಳು ಹೋದವು. ಜೊತೆಗೆ, ಚಡ್ಡಿ ಹಾಕುವ ಪ್ರಾಯದಿಂದ ನನಗಿದ್ದ ಒಬ್ಬ ಸ್ನೇಹಿತನೂ ಹೋದ. ಯಾಕೆ ಅಂತ ಕೇಳಿದರೆ ಇಷ್ಟೇ: ರಿಕ್ಷಾ ಹತ್ತುವಾಗ ಯಾವ ಆಸ್ಪತ್ರೆ ಎಂದು ಅಕ್ಕ ಹೇಳಲಿಲ್ಲ, ರಿಕ್ಷಾ ಓಡಿಸುವ ಆ ಸ್ನೇಹಿತ ಕೇಳಲೂ ಇಲ್ಲ.

ಪಾಣೆಮಂಗಳೂರಿನ ಹೊಳೆಬದಿಯ ಕಾಲನಿಯಲ್ಲಿ ಒಂದೇ ಗೋಡೆ ಹಂಚಿಕೊಂಡ ಮನೆಗಳಲ್ಲಿ ನಾವು ಮೂವರೂ ಬೆಳೆದದ್ದು. ನಾನು ಬೆಳ್ತಂಗಡಿ ಕಡೆಯ ಮನೆಗಳಿಂದ ಹಳೆ ಫ್ರಿಜ್ಜು ಕೊಂಡು, ರಿಪೇರಿ ಮಾಡಿಸಿ ಮಾರುತ್ತ ಮಾರುತ್ತ ಮೆಲ್ಕಾರಿನಲ್ಲೊಂದು ಫ್ಲ್ಯಾಟ್ ಮಾಡಿಕೊಂಡೆ. ಅಕ್ಕ ಮೀನು ಮಾರಿಕೊಂಡು ಅಲ್ಲೇ ಉಳಿದಳು. ಸ್ನೇಹಿತ ರಿಕ್ಷಾ ತೆಗೆದುಕೊಂಡ. ಕಾಲನಿಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ಅವನಿಗೇ ಫೋನು. ಯಾವ ಕಾಯಿಲೆಗೆ ಯಾವ ಡಾಕ್ಟರು ಎಂದು ಅವನೇ ಹೇಳಬೇಕು, ಅದು ಅಲ್ಲಿನ ರೂಢಿ. ಬಂಗುಡೆ ಮೀನಿಗೆ ಅರ್ಧ ಗಂಟೆ ಚೌಕಾಸಿ ಮಾಡುವವರೂ ಆ ವಿಷಯದಲ್ಲಿ ತುಟಿ ಬಿಚ್ಚುವುದಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಕಾಲಿಗೆ ಮೀನಿನ ಮುಳ್ಳು ಚುಚ್ಚಿ ಬೆರಳು ಬಾತಾಗ ಅವನು ಬಂಟ್ವಾಳದ ಸರ್ಕಾರಿ ಆಸ್ಪತ್ರೆ ಬಿಟ್ಟು, ಮೂಡುಬಿದಿರೆ ದಾರಿಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. 'ಅಲ್ಲಿ ಕ್ಯೂ ಉಂಟಕ್ಕ, ಇಲ್ಲಿ ಕೂಡಲೇ ನೋಡ್ತಾರೆ' ಎಂದನಂತೆ. ಡ್ರೆಸ್ಸಿಂಗ್, ಇಂಜೆಕ್ಷನ್, ಪುನಃ ಡ್ರೆಸ್ಸಿಂಗ್. ಪ್ರತಿ ಸಲವೂ ಅದೇ ರಿಕ್ಷಾ. ನನಗೆ ತಿಳಿದದ್ದು ಬೆರಳು ಕಪ್ಪಾದ ಮೇಲೆ. ಮಂಗಳೂರಿಗೆ ಸಾಗಿಸಿದೆ. 'ಬಾತಾಗಲೇ ಬರಬೇಕಿತ್ತು' ಎಂದರು ಸರ್ಜನ್.

ಅವರು ಕೇಳಿದ ಹಳೆ ಚೀಟಿಗಳನ್ನು ತರಲು ಕ್ಲಿನಿಕ್ಕಿಗೆ ಹೋದವನು ಕೊನೆಯ ಬಿಲ್ಲಿಗೂ ಚೌಕಾಸಿಗೆ ನಿಂತೆ. ಅಭ್ಯಾಸ, ಏನು ಮಾಡುವುದು.

'ಇನ್ನು ಕಡಿಮೆ ಆಗುದಿಲ್ಲ ಅಣ್ಣ' ಎಂದಳು ಕೌಂಟರಿನವಳು. 'ಕರ್ಕೊಂಡು ಬಂದವರಿಗೂ ಕೊಡ್ಲಿಕ್ಕಿಲ್ವಾ?'

ವ್ಯಾಪಾರಿಗೆ ಇನ್ನೇನು ಬಿಡಿಸಿ ಹೇಳಬೇಕು? ಗಿರಾಕಿ ತಂದವನಿಗೆ ನಾನೂ ಕಮಿಷನ್ ಕೊಡುತ್ತೇನೆ. ಆದರೆ ಫ್ರಿಜ್ಜಿಗೆ.

ಮೆಲ್ಕಾರ್ ರಿಕ್ಷಾ ಸ್ಟ್ಯಾಂಡಿನಲ್ಲಿ ಸ್ನೇಹಿತನನ್ನು ಹಿಡಿದೆ.

'ನನ್ನ ಹೆಂಡತಿಗೆ ಎದೆನೋವು ಬಂದಾಗ ಸೀದಾ ದೊಡ್ಡ ಆಸ್ಪತ್ರೆಗೆ ಬಿಟ್ಟವ ನೀನೇ ಅಲ್ವಾ?'

'ಹೌದು.'

'ಮತ್ತೆ ಅಕ್ಕನಿಗೆ?'

ಅವನು ಹ್ಯಾಂಡಲಿನ ಧೂಳು ಒರೆಸಿದ. 'ಕೋಪ ಮಾಡ್ಬೇಡ ಮಾರಾಯ. ಫ್ಲ್ಯಾಟಿನವರು ಯಾವ ಆಸ್ಪತ್ರೆ, ಯಾಕೆ ಅಂತ ಕೇಳ್ತಾರೆ. ಕಾಲನಿಯವರು ಸುಮ್ನೆ ಹತ್ತಿ ಕೂತ್ಕೊಳ್ತಾರೆ.'

'ಅವಳ ಕೈಯ ಗಂಜಿ ಕುಡಿದವ ನೀನು.'

'ನಿನಗೆ ಕಮಿಷನ್ ಅಂದ್ರೆ ಹೇಸಿಗೆ ಆದದ್ದು ಯಾವಾಗಿಂದ?'

ಅದೇ ಕೊನೆಯ ಮಾತು. ಆಮೇಲೆ ನಾನು ಅವನ ರಿಕ್ಷಾ ಹತ್ತಿಲ್ಲ.

ಅಕ್ಕ ಹತ್ತುತ್ತಾಳೆ. 'ಹೊಳೆಬದಿವರೆಗೆ ಬೇರೆ ಯಾರು ಬರ್ತಾರೆ?' ಎನ್ನುತ್ತಾಳೆ. ಆದರೆ ಈಗ ಊರುಗೋಲು ಒಳಗಿಡುವ ಮೊದಲೇ ಹೇಳುತ್ತಾಳೆ: 'ಬಂಟ್ವಾಳ. ಸರ್ಕಾರಿ.'

ನೀವೂ ಹಾಗೇ ಮಾಡಿ. ಬಾಡಿಗೆ ಮಾತಾಡುವ ಮೊದಲು ಆಸ್ಪತ್ರೆಯ ಹೆಸರು ಹೇಳಿ. ಕಾಯಿಲೆ ಹೇಳಬೇಡಿ, ಅದು ಡಾಕ್ಟರಿಗೆ. 'ಅದಕ್ಕಿಂತ ಒಳ್ಳೆಯದು ಉಂಟು' ಎಂದು ದಾರಿಯಲ್ಲಿ ಶುರುಮಾಡಿದರೆ, ಎಷ್ಟೇ ಬೇಕಾದವನಾದರೂ ಇಳಿದುಬಿಡಿ. ಸಕ್ಕರೆ ಇರುವವರು ದಿನಾ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಗಾಯ ಕಂಡರೆ, ನೋವಿಲ್ಲ ಅಂತ ಮಾತ್ರ ಸುಮ್ಮನಿರಬೇಡಿ. ಅಕ್ಕನಿಗೂ ನೋವಿರಲಿಲ್ಲ.