ಪ್ರಾಜೆಕ್ಟ್ ಅಪ್ಪ

ಕೊಲ್ಲಿ ದೇಶದ ಅಲ್ ಬರ್ಷಾ ಬಡಾವಣೆಯ ಸ್ಟೇಷನರಿ ಅಂಗಡಿಯಲ್ಲಿ ಥರ್ಮೊಕೋಲ್ ಹಾಳೆಗಳನ್ನು ತಬ್ಬಿಕೊಂಡು ಸಾಲು ನಿಂತವರು ವಿದ್ಯಾರ್ಥಿಗಳಲ್ಲ. ಎಲ್ಲರೂ ನನ್ನ ಪೈಕಿಯವರೇ, ಪ್ರಾಜೆಕ್ಟ್ ಅಪ್ಪಂದಿರು. ಕ್ರಿಶ್ಚಿಯನ್ ಇಂಟರ್‌ನ್ಯಾಷನಲ್ ಸ್ಕೂಲಿನ ನಾಲ್ಕನೇ ಕ್ಲಾಸಿನಲ್ಲಿ ಓದುವುದು ಮಗಳು ಒಲಿವಿಯಾ, ಆದರೆ ಆಫೀಸಿನಲ್ಲಿ ನಾನು ಹೇಳುವುದು, "ಈ ವಾರ ನಮಗೆ ಸಬ್‌ಮಿಷನ್ ಉಂಟು ಮಾರಾಯ್ರೆ." "ಡ್ಯಾಡಿ, ಲೆಟ್ ಮಿ ಟ್ರೈ" ಎಂದು ಅವಳು ಗ್ಲೂ ಗನ್ನಿಗೆ ಕೈ ಹಾಕಿದರೆ, "ಯಲ್ಲಾ, ನಡಿ ನಡಿ, ಆಚೆ ಕೂತ್ಕೋ, ಕೈ ಸುಡ್ತದೆ" ಎನ್ನುತ್ತೇನೆ. ಹೋದ ವರ್ಷ ನಾನು ಮಾಡಿದ ಜ್ವಾಲಾಮುಖಿಯ ಹೊಗೆಗೆ ಸ್ಮೋಕ್ ಅಲಾರಂ ಕೂಗಿ ಇಡೀ ಕಟ್ಟಡದ ಜನ ಕೆಳಗಿಳಿದಿದ್ದರು. ರಸ್ತೆಯಲ್ಲಿ ನಿಂತೂ ನಾನು ಗ್ರೇಡಿನ ಚಿಂತೆಯಲ್ಲೇ ಇದ್ದೆ. ಈ ಸಲ ನೋಹನ ನಾವೆ, ಪ್ರಳಯದ ನೀರಿನಿಂದ ಪ್ರಾಣಿಗಳನ್ನು ಉಳಿಸಿದ ಹಡಗು. ಬೈಬಲಿನ ಮುನ್ನೂರು ಮೊಳವನ್ನು ಸೆಂಟಿಮೀಟರಿಗೆ ಇಳಿಸಿ, ಮೂರು ಅಂತಸ್ತು ಏರಿಸಿ, ಜಿರಾಫೆಗೆಂದೇ ಒಂದು ಎತ್ತರದ ಕಿಟಕಿಯನ್ನೂ ಕೊರೆದೆ. ಮಗಳ ಪಾಲಿಗೆ ಉಳಿದದ್ದು ಒಂದು ಉಂಡೆ ಕ್ಲೇ. ಪ್ರದರ್ಶನದ ದಿನ ನೋಡಿದರೆ, ನಾವೆಯ ಹೊರಗೆ, ನೀಲಿ ಕಾಗದದ ನೀರಿನಲ್ಲಿ ಸೊಂಟದವರೆಗೆ ಮುಳುಗಿ, ಗ್ಲೂ ಗನ್ ಹಿಡಿದ ಕನ್ನಡಕದ ಪುಟ್ಟ ಕ್ಲೇ ಮನುಷ್ಯನೊಬ್ಬ ನಿಂತಿದ್ದ. ಇದು ಯಾರೆಂದು ಟೀಚರ್ ಕೇಳಿದರು. ಒಲಿವಿಯಾ ತನ್ನ ಇಂಗ್ಲಿಷಿನಲ್ಲಿ ಹೇಳಿದಳು: "ನಮ್ಮ ಡ್ಯಾಡಿ. ಇನ್ನೂ ಕಟ್ಟುತ್ತಿದ್ದಾರೆ. ನಾನು ಒಳಗೆ ಕಾಯುತ್ತಿದ್ದೇನೆ."