ನಕ್ಷೆಯಲ್ಲಿ ಎದ್ದ ದಿಬ್ಬ

ನೆಲದ ಎತ್ತರ ಅಳೆಯುವ ಸ್ಟಾಫನ್ನು ಹಿಡಿಯಬೇಕಾದ ಜಾಗದಲ್ಲಿ ನಾನು ಹಿಡಿಯಲಿಲ್ಲ. ಹಿಡಿದೆ ಎಂದು ಹೇಳಿದೆ. ನನ್ನ ತಮ್ಮ ಶೇಖರನ ಕೆಲಸ ಹೋದದ್ದು ಅದರಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ನೀವು ನಂಬದಿದ್ದರೂ ಇಷ್ಟನ್ನಾದರೂ ನಂಬಬೇಕು. ನಾನು ಓದಿದ್ದು ಏಳನೆಯ ತರಗತಿ. ದೆವ್ವ, ಗಾಳಿ, ಮೈಮೇಲೆ ಬರುವುದು ಎಂದರೆ ನಗುತ್ತಿದ್ದವನು. ಆದರೆ ಸೂತಕಕ್ಕೆ ಮಾತ್ರ ಹೆದರುತ್ತಿದ್ದೆ. ಎರಡೂ ಒಟ್ಟಿಗೆ ಹೇಗೆ ಎಂದು ಕೇಳಬೇಡಿ, ನಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ ಇದ್ದರು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಶಿಕಾರಿಪುರದಲ್ಲಿ ಒಬ್ಬ ಖಾಸಗಿ ಇಂಜಿನಿಯರ್ ಹತ್ತಿರ ಶೇಖರ ನಕ್ಷೆ ಬರೆಯುತ್ತಿದ್ದ. ಡ್ರಾಯಿಂಗ್ ಬೋರ್ಡು ಮೂಲೆ ಸೇರಿ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಸೊರಬದ ರಸ್ತೆಗೆ ಒಂದು ಹಳ್ಳಿರಸ್ತೆ ಓರೆಯಾಗಿ ಬಂದು ಸೇರುವ ಕ್ರಾಸ್ ಇತ್ತು. ಅದನ್ನು ನೇರ ಮಾಡಿ, ಬಸ್ಸು, ಟ್ರ್ಯಾಕ್ಟರ್ ಸಲೀಸಾಗಿ ತಿರುಗುವಷ್ಟು ಮೂಲೆಯನ್ನು ಅಗಲಿಸಿ ನಕ್ಷೆ ಮಾಡುವುದು ಶೇಖರನಿಗೆ ಒಪ್ಪಿಸಿದ ಮೊದಲ ಸ್ವಂತ ಕೆಲಸ. ಇದು ಸರಿಬಂದರೆ ಖಾಯಂ ಮಾಡುತ್ತೇನೆ ಎಂದು ಇಂಜಿನಿಯರ್ ಹೇಳಿದ್ದರು.

ಸರ್ವೆಗೆ ಆಳು ಬೇಕೆಂದಾಗ ಶೇಖರನೇ ನನ್ನನ್ನು ಸೇರಿಸಿದ. ಸ್ಟಾಫ್ ಎಂದರೆ ಅಳತೆಯ ಗುರುತುಗಳಿರುವ ಉದ್ದನೆಯ ಪಟ್ಟಿ. ಅದನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರೆ, ಸರ್ವೆಯವರು ದೂರದಿಂದ ದುರ್ಬೀನಿನಲ್ಲಿ ಓದಿ ಆ ಜಾಗದ ಎತ್ತರವನ್ನು ಬರೆದುಕೊಳ್ಳುತ್ತಾರೆ.

ಹೊಸ ಮೂಲೆ ಬರುವ ಕಡೆ ಲಂಟಾನದ ಪೊದೆ ದಟ್ಟವಾಗಿ ಬೆಳೆದಿತ್ತು. ರಸ್ತೆಯಿಂದ ನೋಡಿದರೆ ಬರೀ ಪೊದೆ. ಅದರೊಳಗೆ ಆಳೆತ್ತರದ ದಿಬ್ಬ, ದಿಬ್ಬದ ಮೇಲೆ ಚೌಡಮ್ಮನ ಕಲ್ಲು ಇರುವುದು ನನಗೆ ಗೊತ್ತಿತ್ತು. ಚಿಕ್ಕವನಿದ್ದಾಗ ಅಮ್ಮನ ಜೊತೆ ಹರಕೆಗೆ ಹೋಗಿದ್ದೆ. ಶೇಖರ ಆಗ ಹುಟ್ಟಿರಲಿಲ್ಲ.

“ಏಯ್, ಪೊದೆ ಒಳಗೆ ಹೋಗಿ ಹಿಡಿಯೋ. ಅಲ್ಲಿ ನಾಕು ಪಾಯಿಂಟ್ ಬೇಕು” ಎಂದು ಸರ್ವೆಯವರು ಕೂಗಿದರು.

ಕುಪ್ಪಗಡ್ಡೆಯಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡು ಇನ್ನೂ ಸೂತಕ ಕಳೆದಿರಲಿಲ್ಲ. ಆ ಮೈಲಿಗೆಯಲ್ಲಿ ದೇವಿಯ ದಿಬ್ಬ ಹತ್ತಲು ನನ್ನ ಕಾಲು ಬರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಿದ್ದರೆ ಬೇರೆಯವರು ಹಿಡಿಯುತ್ತಿದ್ದರು. ಆದರೆ ಎಲ್ಲರೂ ನಗುತ್ತಾರೆ, ನನ್ನನ್ನು ಸೇರಿಸಿದ ತಮ್ಮನಿಗೂ ಹೆಸರು ಕೆಡುತ್ತದೆ ಎಂದುಕೊಂಡೆ. ಸ್ಟಾಫಿನ ಮೇಲ್ತುದಿ ಮಾತ್ರ ಅವರಿಗೆ ಕಾಣುವ ಹಾಗೆ, ಪೊದೆಯ ಮರೆಯ ಸಮ ನೆಲದಲ್ಲಿ ಅಡ್ಡಡ್ಡ ಸರಿಯುತ್ತಾ ನಾಲ್ಕು ಕಡೆ ಸ್ಟಾಫ್ ನಿಲ್ಲಿಸಿದೆ. ಟೇಪಿನ ತುದಿಯೂ ನನ್ನ ಕೈಯಲ್ಲೇ ಇತ್ತು. ಒಳಗಿದ್ದೇನೆ ಎನ್ನುವ ಹಾಗೆ ದೂರವನ್ನು ಕೂಗಿ ಹೇಳಿದೆ. ಅವರು ಬರೆದುಕೊಂಡರು.

ನೀವು ನಂಬಲಿಕ್ಕಿಲ್ಲ ಎಂದೆನಲ್ಲ, ಆ ಅನುಭವ ನನಗಾದದ್ದು ರಾತ್ರಿಯಲ್ಲ, ಒಂದು ಭಾನುವಾರದ ಮಧ್ಯಾಹ್ನ. ಆಫೀಸಿನಲ್ಲಿ ಶೇಖರ ಒಬ್ಬನೇ ಇದ್ದ. ನಾನು ಬುತ್ತಿ ತೆಗೆದುಕೊಂಡು ಹೋಗಿದ್ದೆ.

“ಅಣ್ಣ, ಇದೇನು ನೋಡು ಬಾ ಮಾರಾಯ.”

“ನಂಗೇನು ತಿಳಿಯುತ್ತೆ ಅದು? ಊಟ ಮಾಡು ಮೊದ್ಲು.”

“ಊಟ ಇರ್ಲಿ. ಬರ್ಕಂಡು ಬಂದಿರೋ ಎತ್ತರ ಎಲ್ಲ ಹೆಚ್ಚೂಕಡಿಮೆ ಒಂದೇ ಐತೆ. ಗೆರೆ ಮಾತ್ರ ಉಬ್ಕಂಡು ಬರ್ತಾ ಐತೆ.”

ಗೆರೆ ಓದುವುದನ್ನು ಅವನೇ ನನಗೆ ಹೇಳಿಕೊಟ್ಟಿದ್ದ. ಸರ್ವೆಯ ಅಂಕಿಗಳಿಂದ ಕಂಪ್ಯೂಟರ್ ಎಳೆಯುವ, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು ಅವು. ನೆಲ ಸಮವಿದ್ದರೆ ದೂರ ದೂರ ಮಲಗಿರುತ್ತವೆ, ದಿಬ್ಬವಿದ್ದರೆ ಬಳೆಯೊಳಗೆ ಬಳೆ ಇಟ್ಟಂತೆ ಸುತ್ತಿಕೊಳ್ಳುತ್ತವೆ. ಕಪ್ಪು ತೆರೆಯ ಮೇಲೆ, ಪೊದೆ ಇದ್ದ ಜಾಗದಲ್ಲಿ, ಹಸಿರು ಗೆರೆಗಳು ಸುತ್ತಿಕೊಂಡಿದ್ದವು. ಅಷ್ಟೇ ಆಗಿದ್ದರೆ ಏನೋ ಎಂದು ಸುಮ್ಮನಿರುತ್ತಿದ್ದೆ. ಒಂದು ಪಕ್ಕದಲ್ಲಿ ಆ ಬಳೆಗಳೆಲ್ಲ ಕಚ್ಚಿದ ರೊಟ್ಟಿಯ ಅಂಚಿನಂತೆ ಒಳಗೆ ಸರಿದಿದ್ದವು. ಕಲ್ಲಿನ ಹತ್ತಿರ ಹೋಗಲು ಜನ ದಿಬ್ಬವನ್ನು ಕಡಿದು ಮೆಟ್ಟಿಲು ಮಾಡಿದ್ದು ಆ ಪಕ್ಕದಲ್ಲೇ.

ಶೇಖರ ಅಳಿಸಿ, ಅಂಕಿಗಳನ್ನು ಮತ್ತೆ ಹಾಕಿದ. ಗೆರೆಗಳು ಸಮವಾಗಿ ಮಲಗಿದವು. ನನಗೆ ಉಸಿರು ಬಂತು. ಅಷ್ಟರಲ್ಲಿ ಕರೆಂಟ್ ಹೋಯಿತು. ಬಂದ ಮೇಲೆ ತೆರೆದರೆ ಮತ್ತೆ ಅದೇ ದಿಬ್ಬ, ಅದೇ ಮೆಟ್ಟಿಲು. ಸರಿಮಾಡಿದ್ದನ್ನೇ ಉಳಿಸಿದ್ದೆ ಎಂದು ಅವನು ಆಣೆ ಮಾಡಿದ.

“ಯಾಕಣ್ಣ ಹಂಗೆ ಬೆವರ್ತೀಯ? ನಿಂಗೂ ಕಂಪ್ಯೂಟರ್ ಮೈಮೇಲೆ ಬಂತಾ?” ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ. “ಅಲ್ಲೇನಾದ್ರೂ ದಿಬ್ಬ ಇತ್ತೇನು? ಇದ್ರೆ ಹೇಳು, ನಾಳೆ ಹೋಗಿ ಮತ್ತೆ ಅಳ್ಕಂಡು ಬರೋಣ. ಅದೇನು ದೊಡ್ಡ ಕೆಲಸಲ್ಲ.”

ಅವನು ಅಷ್ಟು ಸುಲಭ ಮಾಡಿಕೊಟ್ಟಿದ್ದ. ಆದರೂ ನಾನು, “ಎಂಥ ದಿಬ್ಬನೂ ಇಲ್ಲ. ಅಂಗೈ ಇದ್ದಂಗೈತೆ ನೆಲ” ಎಂದೆ.

ಅವನು ಆ ಗೆರೆಗಳನ್ನು ಕೈಯಾರೆ ತೆಗೆದುಹಾಕಿ, ಅದರ ಮೇಲೆ ರಸ್ತೆಯ ತಿರುವು ಎಳೆದ.

ನಕ್ಷೆ ಒಪ್ಪಿಗೆಯಾಯಿತು. ನೆಲದ ಮೇಲೆ ಹೊಸ ರಸ್ತೆಯ ಗುರುತು ಹಾಕುವ ದಿನ ಪೊದೆ ಸವರಿದರು. ಹೊಸ ತಿರುವಿನ ನಡುಮಧ್ಯೆ ದಿಬ್ಬ ನಿಂತಿತ್ತು, ಮೇಲೆ ಕುಂಕುಮ ಹಚ್ಚಿದ ಕಲ್ಲು. ಹಳ್ಳಿಯವರು ಬಂದು ಗುದ್ದಲಿ ಹಿಡಿದವರನ್ನು ತಡೆದರು. ಕೆಲಸ ನಿಂತಿತು. ಇಂಜಿನಿಯರ್ ಸಿಟ್ಟಿನಿಂದ ಕೆಂಪಾಗಿದ್ದರು.

“ಇಲ್ಲಿ ಸ್ಟಾಫ್ ಹಿಡಿದೋರು ಯಾರ್ರೀ?”

“ನಾನೇ ಸಾರ್. ಹೇಳಿದ ಕಡೆ ಹಿಡಿದೀನಿ” ಎಂದೆ.

ಶೇಖರ ಸುಳ್ಳು ಬಾರದವನು. “ಕಂಪ್ಯೂಟರಲ್ಲಿ ದಿಬ್ಬ ಬಂದಿತ್ತು ಸಾರ್. ತಪ್ಪು ಅನ್ಕಂಡು ನಾನೇ ತೆಗೆದೆ” ಎಂದುಬಿಟ್ಟ.

“ಬಂದಿತ್ತಾ? ಬಂದಿದ್ದನ್ನ ತೆಗೆದ್ಯಾ? ಆಫೀಸಲ್ಲಿ ಕೂತು ನೆಲ ಸಮ ಮಾಡೋನು ನನಗೆ ಬೇಡಪ್ಪ.”

ನಾನು ಅಲ್ಲೇ ನಿಂತಿದ್ದೆ. ಬಸ್ಸಿನಲ್ಲಿ ಬರುವಾಗ ಶೇಖರನೇ, “ಪೊದೆ ಒಳಗೆ ನಿಂಗೂ ಸರಿಯಾಗಿ ಕಂಡಿರ್ಲಿಕ್ಕಿಲ್ಲ, ಬಿಡಣ್ಣ” ಎಂದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಕಂಪ್ಯೂಟರ್ ತಿಳಿದ ಹಲವರನ್ನು ಆಮೇಲೆ ಕೇಳಿದ್ದೇನೆ. ಯಾವುದೋ ಹಳೆಯ ಕೆಲಸದ ಅಂಕಿ ಉಳಿದುಕೊಂಡು ಇದರಲ್ಲಿ ಸೇರಿರಬೇಕು ಎನ್ನುತ್ತಾರೆ. ಇರಬಹುದು. ಆದರೆ ಆ ದಿಬ್ಬವನ್ನು ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ. ಮೆಟ್ಟಿಲು ಯಾವ ಪಕ್ಕದಲ್ಲಿದೆ ಎಂಬುದು ಆ ಕೋಣೆಯಲ್ಲಿ ನನ್ನೊಬ್ಬನಿಗೇ ಗೊತ್ತಿದ್ದದ್ದು. ಅದು ದೇವಿಯ ಕೆಲಸವೋ, ಯಂತ್ರದ ದೋಷವೋ, ನನ್ನ ಅಂಜಿಕೆಯೇ ಕಣ್ಣಿಗೆ ಹಾಗೆ ತೋರಿಸಿತೋ? ಕಣ್ಣಿಗೆ ತೋರಿತು ಎನ್ನೋಣವೆಂದರೆ ಶೇಖರನೂ ನೋಡಿದ್ದ. ನನಗೆ ಇಂದಿಗೂ ಬಗೆಹರಿದಿಲ್ಲ.

ಶೇಖರ ಮತ್ತೆ ನಕ್ಷೆ ಮುಟ್ಟಲಿಲ್ಲ. ಸೊರಬದಲ್ಲಿ ಪೈಪು, ನಲ್ಲಿಗಳ ಅಂಗಡಿ ಇಟ್ಟ. ಹೋದ ವರ್ಷ ನಾನು ಅಂಗಡಿಯಲ್ಲಿ ಕೂತಿದ್ದಾಗ ಗಿರಾಕಿಯೊಬ್ಬರು, “ಮೊದ್ಲು ನಕ್ಷೆ ಮಾಡ್ತಿದ್ರಂತಲ್ರೀ, ನಮ್ಮ ಮನೇದೊಂದು ಹಾಕ್ಕೊಡಿ” ಎಂದರು.

“ಇಲ್ಲ ರೀ, ನನ್ನ ಕೈಯಲ್ಲಿ ತಪ್ಪಾಗುತ್ತೆ” ಎಂದ ಶೇಖರ. ಇಷ್ಟು ವರ್ಷ ಅವನು ಹಾಗೆಯೇ ನಂಬಿಕೊಂಡಿದ್ದ ಎಂಬುದು ನನಗೆ ತಿಳಿದದ್ದು ಆಗ. ಗಿರಾಕಿ ಮೆಟ್ಟಿಲಿಳಿದು ಹೋಗುವವರೆಗೂ ನನಗೆ ಕಾಯಲಾಗಲಿಲ್ಲ.

“ತಪ್ಪು ನಿನ್ನ ಕೈದಲ್ಲ ಶೇಖರ. ಸೂತಕ ಅಂತ ನಾನು ಆ ದಿಬ್ಬ ಹತ್ಲೇ ಇಲ್ಲ. ನೀನು ಕೇಳ್ದಾಗ್ಲೂ ಸುಳ್ಳು ಹೇಳ್ದೆ, ಸಾಹೇಬ್ರು ಕೇಳ್ದಾಗ್ಲೂ ಸುಳ್ಳು ಹೇಳ್ದೆ. ನನ್ನ ಕ್ಷಮಿಸಪ್ಪ.”